ಎರಿ ಹೊಲಕ್ಕೂ ತಲುಪುವ ಅಮೆರಿಕದ ಚರಿತ್ರೆ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪದವಿಯ ಮೊದಲ ವರ್ಷಗಳಲ್ಲೇ ಎದುರಾಗುವ ಒಂದು ಕೋರ್ಸ್ ಇದೆ: ಆ ದೇಶದ ಆರಂಭಕಾಲದ ಚರಿತ್ರೆ. ಮೂಲನಿವಾಸಿಗಳ ಬದುಕಿನಿಂದ ಹೊರಟು, 1607ರಲ್ಲಿ ಜೇಮ್ಸ್‌ಟೌನ್‌ನಲ್ಲಿ ಇಂಗ್ಲಿಷರು ನೆಲೆಯೂರಿದ್ದು, 1619ರಲ್ಲಿ ಆಫ್ರಿಕನ್ನರನ್ನು ವರ್ಜೀನಿಯಾಕ್ಕೆ ಹಿಡಿದು ತಂದದ್ದು, 1776ರ ಸ್ವಾತಂತ್ರ್ಯ ಘೋಷಣೆ, 1787ರ ಸಂವಿಧಾನ, ಹೀಗೆ ಸಾಗಿ 1865ಕ್ಕೋ 1877ಕ್ಕೋ ನಿಲ್ಲುತ್ತದೆ. ಟೆಕ್ಸಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಎಂಜಿನಿಯರಿಂಗ್ ಓದುವವರಿಗೂ ಚರಿತ್ರೆಯ ಆರು ಕ್ರೆಡಿಟ್ ಕಡ್ಡಾಯ.

ಬೆಳಗಾವಿ ಜಿಲ್ಲೆಯ ಚಚಡಿಯಿಂದ ಬೈಲಹೊಂಗಲಕ್ಕೋ ಸವದತ್ತಿಗೋ ಬಸ್ಸಿನಲ್ಲಿ ಹೋಗಿ ಬಿ.ಎ. ಓದುವ ಹುಡುಗ ಹುಡುಗಿಯರಿಗೆ ಇದನ್ನು ಪರಿಚಯಿಸಲು ಕಾರಣ, ಅದನ್ನು ಕಲಿಸುವ ಬಗೆ. ಈ ಕೋರ್ಸನ್ನು ಹಲವೆಡೆ ಬರವಣಿಗೆಯ ಮೂಲಕವೇ ನಡೆಸುತ್ತಾರೆ. ಹವಾಯಿ ವಿಶ್ವವಿದ್ಯಾಲಯದಲ್ಲಿ ಇಂಥ ತರಗತಿಗೆ ಇಪ್ಪತ್ತೇ ವಿದ್ಯಾರ್ಥಿಗಳು. ಒಬ್ಬೊಬ್ಬರೂ ಕನಿಷ್ಠ 4000 ಪದ ಬರೆಯಬೇಕು. ಒಂದು ಹಳೆಯ ಕಾಗದ ಕೈಗೆ ಕೊಡುತ್ತಾರೆ. ಬರೆದವರು ಯಾರು, ಯಾರಿಗಾಗಿ, ಏನನ್ನು ಬಿಟ್ಟರು ಎಂದು ಕೇಳುತ್ತಾರೆ. ವಿದ್ಯಾರ್ಥಿ ಬರೆದದ್ದನ್ನು ಗುರುಗಳು ಓದಿ, ಟಿಪ್ಪಣಿ ಹಾಕಿ ಮರಳಿಸುತ್ತಾರೆ. ಆಮೇಲೆ ಮತ್ತೆ ಬರೆಯಬೇಕು.

ಹಳೆಯ ಕಾಗದವನ್ನು ಹೀಗೆ ಓದುವುದರಿಂದ ಏನು ಸಾಧ್ಯ ಎಂಬುದಕ್ಕೆ ಮಾರ್ಥಾ ಬ್ಯಾಲಾರ್ಡಳ ದಿನಚರಿ ಸಾಕ್ಷಿ. ಮೇನ್ ಪ್ರಾಂತ್ಯದ ಈ ಸೂಲಗಿತ್ತಿ 1785ರಿಂದ 1812ರವರೆಗೆ ದಿನಚರಿ ಬರೆದಳು: ಇಂದು ಇಂಥವರ ಹೆರಿಗೆ, ಹೊಳೆ ಹೆಪ್ಪುಗಟ್ಟಿದೆ, ನೂಲು ತೆಗೆದದ್ದಾಯಿತು. ಹಿಂದಿನವರು ಇದರಲ್ಲಿ ಏನೂ ಇಲ್ಲವೆಂದು ಪಕ್ಕಕ್ಕಿಟ್ಟಿದ್ದರು. ಚರಿತ್ರಕಾರ್ತಿ ಲಾರೆಲ್ ಥ್ಯಾಚರ್ ಉಲ್ರಿಚ್ ಅದೇ ಸಾಲುಗಳನ್ನು ತಾಳ್ಮೆಯಿಂದ ಓದಿ, 816 ಹೆರಿಗೆಗಳನ್ನು ಎಣಿಸಿ, ಒಂದು ಊರಿನ ಹೆಂಗಸರ ದುಡಿಮೆಯನ್ನೇ ಬೆಳಕಿಗೆ ತಂದರು. ಈ ಬಗ್ಗೆ 1990ರಲ್ಲಿ ಬಂದ ಅವರ ಪುಸ್ತಕಕ್ಕೆ ಮರುವರ್ಷ ಪುಲಿಟ್ಜರ್ ಸಿಕ್ಕಿತು. ಈ ಕೋರ್ಸಿನ ಓದಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಗೊತ್ತಿಲ್ಲ.

ವಿಷಯವೂ ನಮಗೆ ದೂರದ್ದಲ್ಲ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್ನನ ಸೇನೆಗೆ ಸೋತ ಕಾರ್ನ್‌ವಾಲಿಸನೇ 1791ರಲ್ಲಿ ಬೆಂಗಳೂರು ಕೋಟೆ ಹಿಡಿದವನು, ಮರುವರ್ಷ ಟಿಪ್ಪುವಿನ ಮಕ್ಕಳನ್ನು ಒತ್ತೆಯಾಗಿ ಪಡೆದವನು. 1782ರಲ್ಲಿ ಪೆನ್ಸಿಲ್ವೇನಿಯಾದವರು ಬ್ರಿಟಿಷರ ವಿರುದ್ಧ ಕಾದಾಡಲು ಬಿಟ್ಟ ಹಡಗಿಗೆ ಹೈದರ್ ಅಲಿಯ ಹೆಸರಿತ್ತು.

ಆದರೆ ನಮ್ಮ ಹೊಲದವರೆಗೆ ಬಂದದ್ದು ಹತ್ತಿ. 1793ರಲ್ಲಿ ಎಲಿ ವಿಟ್ನಿ ಹತ್ತಿ ಬಿಡಿಸುವ ಜಿನ್ ಯಂತ್ರ ಮಾಡಿದ ಮೇಲೆ ಅಮೆರಿಕದ ದಕ್ಷಿಣದಲ್ಲಿ ಹತ್ತಿಗಾಗಿ ನೆಲದ ದಾಹ ಹೆಚ್ಚಿತು. 1830ರ ಕಾನೂನಿನಿಂದ ಚೆರೋಕಿ ಮೊದಲಾದ ಮೂಲನಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸಿದರು. ಆ ನೆಲದಲ್ಲಿ ಗುಲಾಮರ ಬೆವರಿನಿಂದ ಹತ್ತಿ ಬೆಳೆಯಿತು. ಮ್ಯಾಂಚೆಸ್ಟರ್ ಗಿರಣಿಗಳು ಒಂದೇ ದೇಶವನ್ನು ನೆಚ್ಚಿಕೊಳ್ಳಬಾರದೆಂದು 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಬೆಳೆಗಾರರನ್ನು ಹಿಂದೂಸ್ತಾನಕ್ಕೆ ಕರೆಸಿತು. ಬಹಳ ಕಡೆ ಅಮೆರಿಕದ ಹತ್ತಿಬೀಜ ಕೈಕೊಟ್ಟಿತು. ಧಾರವಾಡ ಸೀಮೆಯ ಎರಿ ಭೂಮಿಯಲ್ಲಿ ಮಾತ್ರ ಬೇರೂರಿ, ‘ಧಾರವಾಡ ಅಮೆರಿಕನ್’ ಎಂದೇ ಹೆಸರಾಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ನಮ್ಮ ಕಡೆ ಹತ್ತಿಯ ದರ ಗಗನಕ್ಕೇರಿತು. ಯುದ್ಧ ಮುಗಿದಾಗ ಕುಸಿಯಿತು.

ಹೆಚ್ಚುಕಡಿಮೆ ಚೆರೋಕಿಗಳ ನೆಲ ಹೋದ ಕಾಲವೇ ಕಿತ್ತೂರು ಹೋದ ಕಾಲ. ಕಂಪನಿ ಅಲ್ಲಿನ ದೊರೆಯ ದತ್ತುಮಗನನ್ನು ಒಪ್ಪಲಿಲ್ಲ. 1824ರ ಯುದ್ಧದ ನಂತರ ರಾಣಿ ಚನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿ 1829ರಲ್ಲಿ ತೀರಿಕೊಂಡಳು. ಕಾನೂನಿನ ಮಾತಾಡಿಕೊಂಡೇ ನೆಲ ಕಸಿಯುವುದು ಎರಡೂ ಕಡೆ ಹೇಗೆ ನಡೆಯಿತು ಎಂಬುದು ನಮ್ಮ ವಿದ್ಯಾರ್ಥಿ ನಾಲ್ಕು ಪುಟ ಬರೆಯಲು ಯೋಗ್ಯವಾದ ಪ್ರಶ್ನೆ. ವಾಷಿಂಗ್ಟನ್, ಜೆಫರ್ಸನ್‌ರ ಪತ್ರಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. 1884ರ ಬೆಳಗಾವಿ, ಧಾರವಾಡ ಗೆಜೆಟಿಯರ್‌ಗಳನ್ನೂ ಓದಬಹುದು. ಗೈಡ್ ಬದಿಗಿಟ್ಟು ಅವುಗಳಿಂದ ಮೊದಲ ಪುಟ ಬರೆಯಲಿ. ತಿದ್ದಿಕೊಡುವ ಒಬ್ಬ ಮೇಷ್ಟ್ರು ಜೊತೆಗಿದ್ದರೆ ಸಾಕು.