ಹೊಗೆಯ ನಡುವೆ

ಬೆಂಕಿ ಹೊತ್ತಿದ ಕಟ್ಟಡದಲ್ಲಿ ಜನರು ದಿಕ್ಕುಗೆಟ್ಟು ಓಡುವರೆಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ಅವರು ಹೊರಡಲು ತಡಮಾಡುವುದೇ ಹೆಚ್ಚು. 1977ರ ಮೇ 28ರ ರಾತ್ರಿ ಅಮೆರಿಕದ ಕೆಂಟಕಿ ರಾಜ್ಯದ ಬೆವರ್ಲಿ ಹಿಲ್ಸ್ ಎಂಬ ಭೋಜನಶಾಲೆಗೆ ಬೆಂಕಿ ಬಿದ್ದಿತು. ಅಲ್ಲಿಯ ರಂಗಮಂದಿರದಲ್ಲಿ ಕಿಕ್ಕಿರಿದ ಜನರು ಹಾಸ್ಯಗಾರರ ಪ್ರದರ್ಶನವನ್ನು ನೋಡುತ್ತಿದ್ದರು. 18 ವರ್ಷದ ಪರಿಚಾರಕನೊಬ್ಬನು ವೇದಿಕೆಯನ್ನೇರಿ, ಬೆಂಕಿಯ ಸುದ್ದಿಯನ್ನು ತಿಳಿಸಿ, ಹೊರಬಾಗಿಲುಗಳನ್ನು ತೋರಿಸಿದನು. ಹಲವರು ಎದ್ದರು, ಕೆಲವರು ಇದೂ ಹಾಸ್ಯದ ಭಾಗವೆಂದೇ ಬಗೆದು ಕುಳಿತಿದ್ದರು. ಆ ದುರಂತದಲ್ಲಿ 165 ಮಂದಿ ಮಡಿದರು. ಹುಡುಗನ ಮಾತಿಗೆ ಕಿವಿಗೊಟ್ಟು ಬದುಕಿದವರೂ ಅನೇಕರು.

ಈ ವಿಳಂಬಕ್ಕೆ ಕಾರಣವೇನು? ಮನುಷ್ಯನು ಅಪಾಯವನ್ನು ಅಳೆಯಲು ಮೊದಲು ನೋಡುವುದು ನೆರೆಯವರ ಮುಖವನ್ನು. ಲಟಾನೆ ಮತ್ತು ಡಾರ್ಲಿ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ವಿದ್ಯಾರ್ಥಿಗಳು ಬರೆಯುತ್ತ ಕುಳಿತಿದ್ದ ಕೋಣೆಯೊಳಕ್ಕೆ ಗೋಡೆಯ ಕಿಂಡಿಯಿಂದ ಹೊಗೆಯನ್ನು ಬಿಡಲಾಯಿತು. ಒಂಟಿಯಾಗಿದ್ದ 24 ಮಂದಿಯಲ್ಲಿ 18 ಮಂದಿ ಹೊರಬಂದು ವಿಷಯವನ್ನು ತಿಳಿಸಿದರು. ಹೊಗೆಯನ್ನು ಕಂಡೂ ಕಾಣದಂತಿರಲು ಮೊದಲೇ ಒಪ್ಪಿಕೊಂಡಿದ್ದ ಇಬ್ಬರು ಜೊತೆಗಿದ್ದಾಗಲಾದರೋ, 10 ಮಂದಿಯಲ್ಲಿ ಒಬ್ಬನು ಮಾತ್ರ ತಿಳಿಸಿದನು. ಉಳಿದವರು ಕೆಮ್ಮುತ್ತ, ಕಣ್ಣುಜ್ಜಿಕೊಳ್ಳುತ್ತ ಬರೆಯುತ್ತಲೇ ಇದ್ದರು! ಬಳಿಕ ವಿಚಾರಿಸಿದಾಗ, ಅದು ಬೆಂಕಿಯ ಹೊಗೆಯಲ್ಲ, ಬೇರೇನೋ ಇರಬೇಕೆಂದು ಅವರು ಸಮಾಧಾನ ಹೇಳಿದರು.