ನೈದಿಲೆಗೊಳದ ವಿದ್ಯುತ್ತು

ಜಯನಗರದ ನಾಲ್ಕನೆಯ ಬ್ಲಾಕಿನ ಸಮೀಪದಲ್ಲಿ, ಹೊಂಗೆಯ ನೆರಳಿನ ಹಳೆಯ ಮನೆಯೊಂದರ ಹಿತ್ತಲಿನಲ್ಲಿ ಮೊನ್ನೆ ನಾನು ಕಂಡ ನೈದಿಲೆಗೊಳವು ಇನ್ನೂ ನನ್ನ ಮನಸ್ಸನ್ನು ಬಿಟ್ಟಿಲ್ಲ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ ನೀರು ತುಂಬಿದ ಆ ಕೊಳದಲ್ಲಿ ಕಿತ್ತಳೆಬಣ್ಣದ ಮೀನುಗಳು ನಿಶ್ಚಿಂತೆಯಿಂದ ಸಂಚರಿಸುತ್ತಿದ್ದುವು. ಕಾರಂಜಿಗೊಂದು ಪಂಪು, ಸಂಜೆಯ ಶೋಭೆಗೆಂದು ನೀರಿನೊಳಗೊಂದು ದೀಪ. ಕೊಳೆತ ಎಲೆಗಳನ್ನು ತೆಗೆಯಲು ಕೈಯದ್ದಿದ ಮನೆಯೊಡತಿಗೆ ಬೆರಳು ಜುಮ್ಮೆಂದಿತ್ತು. ‘ಕರೆಂಟ್ ಇದ್ದಿದ್ದರೆ ಮೀನು ಬದುಕುತ್ತಿದ್ದುವೇ?’ ಎಂದು ಮನೆಯವರು ಅದನ್ನು ಭ್ರಮೆಯೆಂದೇ ಎಣಿಸಿದ್ದರು.

ಎಲೆಕ್ಟ್ರಿಷಿಯನ್ ಮೀಟರಿನ ಒಂದು ತುದಿಯನ್ನು ನೀರಿಗೂ ಮತ್ತೊಂದನ್ನು ಒದ್ದೆ ಮಣ್ಣಿನಲ್ಲಿ ನೆಟ್ಟ ಸಲಾಕೆಗೂ ತಾಗಿಸಿದಾಗ ನೂರರ ಸಮೀಪದ ವೋಲ್ಟು ಕಾಣಿಸಿತು. ಆತನು ಅದನ್ನು ಕೂಡಲೆ ನಂಬಲಿಲ್ಲ. ಡಿಜಿಟಲ್ ಮೀಟರು ಅತಿಸೂಕ್ಷ್ಮವಾದುದರಿಂದ ಪಕ್ಕದ ತಂತಿಯ ಪ್ರಭಾವಮಾತ್ರದಿಂದಲೇ ಹುಸಿ ವೋಲ್ಟೇಜನ್ನು ತೋರಿಸಬಲ್ಲುದು. ಮಾನವಶರೀರದಷ್ಟೇ ತಡೆಯುಳ್ಳ ರೆಸಿಸ್ಟರೊಂದನ್ನು ಮೀಟರಿಗೆ ಅಡ್ಡಲಾಗಿ ಸೇರಿಸಿ, ಪಂಪನ್ನು ಮಾತ್ರ ನಡೆಸಿದಾಗ ಅಂಕಿಯು ಸೊನ್ನೆಯೆಡೆಗೆ ಕುಸಿಯಿತು. ದೀಪದ ಸ್ವಿಚ್ಚು ಹಾಕಿದೊಡನೆ ಮೇಲೇರಿ, ಅಲ್ಲಿಯೇ ನಿಂತಿತು. ಕಳಚಿ ನೋಡಿದರೆ ದೀಪದ ರಬ್ಬರ್ ವಾಷರು ಬಿರಿದಿತ್ತು.

ಹಾಗಾದರೆ ಮೀನೇಕೆ ಸಾಯಲಿಲ್ಲ? ನನ್ನನ್ನು ಬಹುವಾಗಿ ಕಾಡಿದ ಪ್ರಶ್ನೆ ಇದೇ. ವಿದ್ಯುತ್ತು ಹರಿಯಬೇಕಾದರೆ ಎರಡು ಬಿಂದುಗಳ ನಡುವೆ ವೋಲ್ಟೇಜಿನ ಅಂತರವಿರಬೇಕು. ಪ್ಲಾಸ್ಟಿಕ್ ಹಾಳೆಯು ಅವಾಹಕವಾದುದರಿಂದ ಭೂಮಿಯಿಂದ ಬೇರ್ಪಟ್ಟ ನೀರೆಲ್ಲವೂ ಹೆಚ್ಚುಕಡಮೆ ಒಂದೇ ಮಟ್ಟಕ್ಕೆ ಏರಿ, ಮೀನಿನ ಮೂತಿಗೂ ಬಾಲಕ್ಕೂ ನಡುವೆ ಅಂತರವೇ ಇಲ್ಲದಂತಾಗುತ್ತದೆ. ಬರಿಗಾಲಿನಲ್ಲಿ ಹಸಿನೆಲದ ಮೇಲೆ ನಿಂತು ಕೈಯದ್ದುವ ಮನುಷ್ಯನೇ ಆ ನೀರಿಗೂ ಭೂಮಿಗೂ ಸೇತುವೆ. ಕೊಳವು ಸೋರದಂತಿರುವಷ್ಟೂ ಮೀನಿಗೆ ಕ್ಷೇಮ, ತೋಟಗಾರನಿಗೆ ಅಪಾಯ! ಒಂದು ಮಿಲಿಆಂಪಿಯರಿಗೆ ಜುಮ್ಮೆನ್ನುವ ಕೈ, ಹತ್ತನ್ನು ಮೀರಿದರೆ ಹಿಡಿದುದನ್ನು ಬಿಡಲಾರದು; ಇನ್ನೂ ಏರಿದರೆ ಹೃದಯದ ಲಯವೇ ತಪ್ಪುತ್ತದೆ.

1905ರ ಆಗಸ್ಟ್ 5ರಂದು ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದುವೆಂಬ ಹೆಮ್ಮೆ ನಮಗೆಲ್ಲ ಇದೆ. ನೀರೂ ವಿದ್ಯುತ್ತೂ ಮನೆಯಂಗಳದಲ್ಲಿ ಕೂಡುವ ಪರಿಯ ಬಗೆಗೆ ಮಾತ್ರ ನಾವು ತೀರ ಉದಾಸೀನರೆಂದೇ ನನ್ನ ಅಭಿಪ್ರಾಯ. 2025ರ ಮೇ 19ರಂದು ಬಿ.ಟಿ.ಎಂ. ಬಡಾವಣೆಯ ಎನ್.ಎಸ್. ಪಾಳ್ಯದ ವಸತಿ ಸಮುಚ್ಚಯವೊಂದರಲ್ಲಿ, ನೆಲಮಾಳಿಗೆಗೆ ನುಗ್ಗಿದ ಮಳೆನೀರನ್ನು ಮೋಟಾರಿನಿಂದ ಹೊರಹಾಕಲು ಹೋದ ಹಿರಿಯರೊಬ್ಬರೂ, ಅಲ್ಲಿಯೇ ಇದ್ದ ಹನ್ನೆರಡು ವರ್ಷದ ಬಾಲಕನೂ ವಿದ್ಯುದಾಘಾತದಿಂದ ತೀರಿಕೊಂಡರು. ಆ ಸುದ್ದಿಯನ್ನು ಓದಿದಂದಿನಿಂದ, ನೀರಿನಲ್ಲಿ ಮುಳುಗಿದ ಯಾವ ತಂತಿಯನ್ನೂ ನಾನು ನಿರಾಳವಾಗಿ ನೋಡಲಾರೆ.

‘ಎಂ.ಸಿ.ಬಿ. ಇದೆಯಲ್ಲ’ ಎನ್ನುವವರು ಗಮನಿಸಬೇಕು: ಅದು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 16 ಆಂಪಿಯರಿನ ಎಂ.ಸಿ.ಬಿ.ಯು ಸಹಿಸುವ ಪ್ರವಾಹವು 30 ಮಿಲಿಆಂಪಿಯರಿನ ಐನೂರು ಪಟ್ಟಿಗೂ ಮಿಗಿಲು. ಹೋಗುವ, ಮರಳುವ ಪ್ರವಾಹಗಳನ್ನು ತೂಗಿನೋಡಿ, 30 ಮಿಲಿಆಂಪಿಯರಿನ ವ್ಯತ್ಯಾಸಕ್ಕೇ ಕ್ಷಣಾರ್ಧದಲ್ಲಿ ಕಡಿದುಕೊಳ್ಳುವ ಆರ್.ಸಿ.ಸಿ.ಬಿ. ಇರಬೇಕು, ನೀರಿನ ದೀಪಕ್ಕೆ 12 ವೋಲ್ಟು ಸಾಕು, ಅದರ ಟ್ರಾನ್ಸ್‌ಫಾರ್ಮರು ಕೊಳದಿಂದ ದೂರವಿರಲಿ. ಅರ್ತಿಂಗ್ ಇಲ್ಲದಿದ್ದರೂ ಆರ್.ಸಿ.ಸಿ.ಬಿ. ಕೆಲಸಮಾಡುತ್ತದೆ, ನಿಜ, ಆದರೆ ಸೋರಿಕೆಗೆ ಬೇರೆ ದಾರಿಯಿಲ್ಲದೆ, ಯಾರಾದರೂ ಮುಟ್ಟಿದ ಮೇಲೆಯೇ ಅದು ಎಚ್ಚರಗೊಳ್ಳುವುದು. ಬನಶಂಕರಿ, ಜೆ.ಪಿ. ನಗರಗಳ ಹಳೆಯ ಮನೆಗಳಲ್ಲಿ ಉಪ್ಪು ಇದ್ದಿಲು ತುಂಬಿದ ಅರ್ತ್ ಗುಂಡಿಗೆ ಬೇಸಗೆಯಲ್ಲಿ ಬಿಂದಿಗೆ ನೀರು ಹೊಯ್ಯುವ ರೂಢಿಯಿತ್ತು. ಅಂಗಳಕ್ಕೆಲ್ಲ ಟೈಲ್ಸ್ ಹಾಸಿ ಗುಂಡಿಯ ಬಾಯನ್ನೇ ಮುಚ್ಚಿದವರು ಮೊದಲು ಅದನ್ನು ಒಡೆಸಿ, ಅರ್ತಿಂಗನ್ನು ಅಳೆಯಿಸಬೇಕು. ಕಾರಂಜಿಯ ಮಾತು ಆಮೇಲೆ.