ಮೂರೋ, ನಾಲ್ಕೋ, ಐದೋ?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಹುಚ್ಚಿನವರಲ್ಲಿ ಪ್ರತಿ ಸೀಸನ್ ಏಳುವ ತಕರಾರೊಂದಿದೆ: ಡ್ರಿಬಲ್, ಪಾಸ್, ರೀಬೌಂಡ್ ಎಲ್ಲವೂ ಬರುವ ಈ ಫಾರ್ವರ್ಡ್‌ನನ್ನು ಎಲ್ಲಿ ಆಡಿಸಬೇಕು? ಕ್ರಿಕೆಟ್‌ನಲ್ಲಿ ಆಲ್‌ರೌಂಡರ್ ಐದನೇ ಕ್ರಮಾಂಕಕ್ಕೋ ಏಳಕ್ಕೋ ಎಂದು ನಮ್ಮವರು ಗುದ್ದಾಡುವ ಹಾಗೆಯೇ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಮೂರು ಎಂದರೆ ಸ್ಮಾಲ್ ಫಾರ್ವರ್ಡ್, ನಾಲ್ಕು ಪವರ್ ಫಾರ್ವರ್ಡ್, ಐದು ಸೆಂಟರ್. ನಿಯಮಪುಸ್ತಕಕ್ಕೆ ಬೇಕಾದದ್ದು ಐವರು ಆಟಗಾರರು ಅಷ್ಟೇ, ಈ ಅಂಕಿಗಳೆಲ್ಲ ಕೋಚ್‌ಗಳು ಕಟ್ಟಿಕೊಂಡವು.

ತಪ್ಪು ಕಲ್ಪನೆ: ಎತ್ತರ ಅಳೆದರೆ ಜಾಗ ಗೊತ್ತಾಗುತ್ತದೆ.

ಸತ್ಯ: ಡ್ರೇಮಂಡ್ ಗ್ರೀನ್ ಅವರನ್ನು ನೋಡಿ. ಮಿಷಿಗನ್ ಸ್ಟೇಟ್‌ನಲ್ಲಿ ಕೊನೆಯ ವರ್ಷ ಪಂದ್ಯಕ್ಕೆ ಸರಾಸರಿ 16.2 ಅಂಕ, 10.6 ರೀಬೌಂಡ್, ಬಿಗ್ ಟೆನ್ ಲೀಗ್‌ನ ವರ್ಷದ ಆಟಗಾರ. ಆದರೂ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ 2012ರ ಡ್ರಾಫ್ಟ್‌ನಲ್ಲಿ ಅವರ ಸರದಿ ಬಂದದ್ದು 35ನೆಯದಾಗಿ. ಆರೂವರೆ ಅಡಿಯ ಮೈಕಟ್ಟು ನಾಲ್ಕಕ್ಕೆ ಗಿಡ್ಡ, ಮೂರಕ್ಕೆ ನಿಧಾನ ಎಂಬುದು ಅಂದಿನ ಗೊಣಗಾಟ.

2015ರ ಎನ್‌ಬಿಎ ಫೈನಲ್ಸ್‌ನಲ್ಲಿ ಗ್ರೀನ್ ಅವರ ತಂಡ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕ್ಲೀವ್‌ಲ್ಯಾಂಡ್ ಎದುರು 1–2ರಿಂದ ಹಿಂದಿತ್ತು. ನಾಲ್ಕನೇ ಪಂದ್ಯಕ್ಕೆ ಕೋಚ್ ಸ್ಟೀವ್ ಕೆರ್ ಏಳಡಿಯ ಸೆಂಟರ್ ಆಂಡ್ರ್ಯೂ ಬೋಗಟ್‌ರನ್ನು ಬೆಂಚಿನಲ್ಲಿ ಕೂರಿಸಿ ಆಂಡ್ರೆ ಇಗ್ವೊಡಾಲಾರನ್ನು ಇಳಿಸಿದರು. ಗ್ರೀನ್ ಐದಕ್ಕೆ ಬಂದರು. ಎದುರಿಗೆ ಏಳಡಿ ಒಂದಿಂಚಿನ ತಿಮೊಫೆ ಮೊಜ್ಗೋವ್. ಎತ್ತರದ ಲೆಕ್ಕ ಅಂದು ಸುಳ್ಳಾಗಲಿಲ್ಲ: ಮೊಜ್ಗೋವ್ 28 ಅಂಕ ಬಾಚಿದರು. ಆದರೆ ಪಂದ್ಯ ಮುಗಿದಾಗ ವಾರಿಯರ್ಸ್ 103, ಕ್ಲೀವ್‌ಲ್ಯಾಂಡ್ 82. ಅಂಗಳದ ತುಂಬ ಹರಡಿ ನಿಂತ ಶೂಟರ್‌ಗಳ ಬೆನ್ನು ಹತ್ತುವುದು ಅಂಥ ದೇಹಕ್ಕೆ ಆಗುವ ಕೆಲಸವಲ್ಲ. ಮುಂದಿನ ಪಂದ್ಯದಲ್ಲಿ ಮೊಜ್ಗೋವ್‌ಗೆ ಸಿಕ್ಕಿದ್ದು ಒಂಬತ್ತೇ ನಿಮಿಷ. ವಾರಿಯರ್ಸ್ 4–2ರಿಂದ ಗೆದ್ದಿತು. ಯಾರನ್ನು ತಡೆಯಬಲ್ಲ, ಎದುರಾಳಿಯಲ್ಲಿ ಯಾರಿಗೆ ತನ್ನನ್ನು ತಡೆಯಲಾಗದು ಎಂಬೆರಡೇ ಪ್ರಶ್ನೆ ಜಾಗವನ್ನು ಹೇಳುತ್ತವೆ.

ತಪ್ಪು ಕಲ್ಪನೆ: ಮುಂದೆ ಎನ್‌ಬಿಎಯಲ್ಲಿ ಮೂರಾಗುವ ಹುಡುಗನನ್ನು ಕಾಲೇಜಿನಲ್ಲೂ ಮೂರರಲ್ಲೇ ಪಳಗಿಸಬೇಕು.

ಸತ್ಯ: ಅಂಗಳ ಒಂದೇ ಅಳತೆಯದಾದರೂ ಆಟ ಬೇರೆ. ಎನ್‌ಬಿಎಯಲ್ಲಿ ಯಾರನ್ನೂ ಕಾಯದೆ ಬುಟ್ಟಿಯ ಮುಂದೆ ಮೂರು ಸೆಕೆಂಡಿಗಿಂತ ಹೆಚ್ಚು ನಿಂತರೆ ಡಿಫೆಂಡರ್‌ಗೆ ದಂಡ. ಕಾಲೇಜಿನಲ್ಲಿ ಆ ನಿಯಮವೇ ಇಲ್ಲ. ಹಾಗಾಗಿ ದೂರದಿಂದ ಗುರಿಯಿಡಲು ಬಾರದ ಫಾರ್ವರ್ಡ್‌ನನ್ನು ಮೂರಕ್ಕೆ ಹಾಕಿದಿರೆನ್ನಿ, ಅವನನ್ನು ಕಾಯಬೇಕಾದವನು ಅವನ ಗೊಡವೆಗೇ ಹೋಗದೆ ಸೆಂಟರ್ ಪಕ್ಕಕ್ಕೆ ಬಂದು ನಿಲ್ಲುತ್ತಾನೆ. ಚೆಂಡು ಹಿಡಿದು ಒಳನುಗ್ಗುವ ನಿಮ್ಮ ಗಾರ್ಡ್‌ಗೆ ಎದುರಾಗುವುದು ಒಂದಲ್ಲ, ಎರಡು ಗೋಡೆ. ಅದೇ ಹುಡುಗ ನಾಲ್ಕಕ್ಕೋ ಐದಕ್ಕೋ ಸರಿದು ಸುತ್ತ ಶೂಟರ್‌ಗಳಿದ್ದರೆ ದಾರಿ ತೆರೆಯುತ್ತದೆ.

ಇದಕ್ಕೂ ಬೆಲೆ ತೆರಬೇಕು. ಕಾಲೇಜಿನಲ್ಲಿ ಐದು ಫೌಲ್‌ಗೆ ಆಟಗಾರ ಹೊರಗೆ, ಎನ್‌ಬಿಎಯಲ್ಲಿ ಆರು. ದಾಂಡಿಗರನ್ನು ತಡೆಯಹೋಗಿ ಮೊದಲ ಹತ್ತು ನಿಮಿಷದಲ್ಲೇ ಎರಡು ಫೌಲ್ ಮಾಡಿಕೊಂಡವನು ಬೆಂಚು ಕಾಯಬೇಕಾಗುತ್ತದೆ. ನನ್ನ ಕೇಳಿದರೆ, ಅಂಥವನನ್ನು ನಾಲ್ಕರಲ್ಲಿ ಶುರುಮಾಡಿಸಿ ಪಂದ್ಯದ ಕೊನೆಗೆ ಐದಕ್ಕೆ ತರುವುದೇ ಜಾಣತನ.

ತಪ್ಪು ಕಲ್ಪನೆ: ನಿಜವಾದ ಪ್ರತಿಭಾವಂತ ಒಬ್ಬನೇ ಯಾವ ಜಾಗವನ್ನಾದರೂ ತುಂಬಬಲ್ಲ, ಮ್ಯಾಜಿಕ್ ಜಾನ್ಸನ್ ತುಂಬಲಿಲ್ಲವೇ?

ಸತ್ಯ: 1979ರಲ್ಲಿ ಮಿಷಿಗನ್ ಸ್ಟೇಟ್‌ಗೆ ಕಾಲೇಜು ಕಿರೀಟ ತಂದುಕೊಟ್ಟ ಮ್ಯಾಜಿಕ್, ಮರುವರ್ಷ ಎನ್‌ಬಿಎ ಫೈನಲ್ಸ್‌ನ ಆರನೇ ಪಂದ್ಯದಲ್ಲಿ ಗಾಯಾಳು ಕರೀಂ ಅಬ್ದುಲ್-ಜಬ್ಬಾರ್ ಬದಲಿಗೆ ಸೆಂಟರ್ ಆಗಿ ಇಳಿದು 42 ಅಂಕ, 15 ರೀಬೌಂಡ್ ಗಳಿಸಿದ್ದು ದಂತಕಥೆ. ಆದರೆ ಆರಂಭದ ಜಂಪ್‌ಗೆ ನಿಂತದ್ದು ಬಿಟ್ಟರೆ ಅವರು ಅಂಗಳದ ಎಲ್ಲೆಡೆ ಓಡಾಡಿದರು. ಎದುರಾಳಿ ದೈತ್ಯ ಡ್ಯಾರಿಲ್ ಡಾಕಿನ್ಸ್‌ರನ್ನು ತಡೆಯುವ ಹೊಣೆ ಬಿದ್ದದ್ದು ಜಿಮ್ ಚೋನ್ಸ್ ಹೆಗಲಿಗೆ. ಅದೇ ರಾತ್ರಿ ಮ್ಯಾಜಿಕ್‌ರ ತಂಡ ಲೇಕರ್ಸ್ ಪರ ಜಮಾಲ್ ವಿಲ್ಕ್ಸ್ ಗಳಿಸಿದ 37 ಅಂಕಗಳನ್ನು ಕಥೆ ಹೇಳುವವರು ಎತ್ತುವುದೇ ಅಪರೂಪ.